ಕೋರೆಹಲ್ಲು ಬರಲಿ

“ಹತ್ತೇ ನಿಮಿಷ ಮೇಡಂ, ಲೇಸರ್. ಇವತ್ತೇ ಮುಗಿಸಿಬಿಡೋಣ.” ಚೆನ್ನೈನ ಅಡ್ಯಾರಿನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ತಮಿಳಿನಲ್ಲಿ ಹೀಗೆಂದಾಗ ಮಗಳಿಗೆ ಎಂಟು ವರ್ಷ. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದಿ. ತುಟಿಯೊಳಗಿನಿಂದ ಇಳಿದ ದಪ್ಪ ಪೊರೆ, ಅಂದರೆ ಫ್ರೀನಂ, ಆ ಸಂದಿಯಲ್ಲೇ ನಾಟಿಕೊಂಡಿತ್ತು. ಹಲ್ಲುಸಂದಿ ಅದೃಷ್ಟವೆಂದು ನಂಬಿದ ನಮ್ಮತ್ತೆ ಕತ್ತರಿಸುವುದೇ ಬೇಡವೆಂದರು. ಆ ಹೊತ್ತಿಗೆ ಅವರ ಮಾತು ಸರಿಯಿತ್ತು, ಕಾರಣ ಮಾತ್ರ ಬೇರೆ.

7ರಿಂದ 12ರ ವಯಸ್ಸಿನಲ್ಲಿ ಇಂಥ ಸಂದಿ ಸಹಜ. ದವಡೆಯೊಳಗಿಂದ ಇಳಿಯುವ ಕೋರೆಹಲ್ಲುಗಳು ಪಕ್ಕದ ಹಲ್ಲುಗಳ ಬೇರನ್ನು ಒತ್ತುವುದರಿಂದ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತವೆ. ಕೋರೆಹಲ್ಲು ಹೊರಬಂದ ಮೇಲೆ 2 ಮಿ.ಮೀ. ಒಳಗಿನ ಸಂದಿ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲೇ ಕತ್ತರಿಸಿದರೆ ಗಾಯದ ಗಟ್ಟಿ ಕಲೆಯೇ ಹಲ್ಲುಗಳು ಕೂಡಿಕೊಳ್ಳಲು ಅಡ್ಡ ಬರಬಹುದು. ದಂತವೈದ್ಯದ ಈ ಹಳೇ ಪಾಠ ಲೇಸರ್ ಬಂದದ್ದರಿಂದ ಸುಳ್ಳಾಗಿಲ್ಲ.

ಪೊರೆ ಎಲ್ಲರಿಗೂ ಇರುತ್ತದೆ. ಅದು ಎಲ್ಲಿ ಅಂಟಿದೆ ಎಂಬುದೇ ಪ್ರಶ್ನೆ. 1974ರಲ್ಲಿ ಪ್ಲಾಚೆಕ್ ಮತ್ತು ಸಂಗಡಿಗರು ಮಾಡಿದ ನಾಲ್ಕು ಬಗೆಗಳಲ್ಲಿ ತಕರಾರು ಹೆಚ್ಚಾಗಿ ಕೊನೆಯ ಎರಡರದು: ಹಲ್ಲುಗಳ ನಡುವಿನ ಒಸಡಿಗೇ ಅಂಟಿದ್ದು, ಅದನ್ನೂ ದಾಟಿ ಅಂಗುಳಿನ ಕಡೆಗೆ ಹೋದದ್ದು. ತುಟಿಯನ್ನು ಎಳೆದಾಗ ಹಲ್ಲಿನ ಹಿಂದಿನ ಒಸಡು ಬಿಳಿಚಿಕೊಂಡರೆ ಅನುಮಾನ ಗಟ್ಟಿ. ಅದೇ ಬೀದಿಯ ಇನ್ನೊಬ್ಬ ಡಾಕ್ಟರು ಎಳೆದು ನೋಡಿದರು, ಬಿಳಿಚಿತು. ಆದರೂ “ಕೋರೆಹಲ್ಲು ಬರಲಿ” ಅಂದರು.

ನಾಲ್ಕು ವರ್ಷ ಕಾದೆವು. ಸಂದಿ ಕಿರಿದಾಯಿತು, ಮುಚ್ಚಲಿಲ್ಲ. ಮೊದಲು ಕ್ಲಿಪ್ ಹಾಕಿ ಹಲ್ಲು ಕೂಡಿಸಿ, ಆಮೇಲೆ ಪೊರೆ ತೆಗೆದರು, ಬ್ಲೇಡಿನಲ್ಲೇ.

ಲೇಸರನ್ನು ನಾನು ಹಳಿಯುತ್ತಿಲ್ಲ. ರಕ್ತ ಕಮ್ಮಿ, ಹೊಲಿಗೆ ಬೇಕಾಗುವುದು ಅಪರೂಪ, ಮೊದಲ ದಿನಗಳ ನೋವೂ ಕಮ್ಮಿ. ಪುಕ್ಕಲು ಮಗುವಿಗೆ ಅದೇ ವಾಸಿ. ಬ್ಲೇಡಿನದು ವಜ್ರಾಕಾರದ ಗಾಯ, ಅಂಚುಗಳನ್ನು ಸೇರಿಸಿ ಹೊಲಿಯಬೇಕು. ಹೊಲಿಯದೆ ಬಿಟ್ಟ ಲೇಸರ್ ಗಾಯವಾದರೋ ತಳದಿಂದ ತುಂಬಿಕೊಂಡು ಬರಬೇಕು. ಬೋರ್ಡಿನ ಮೇಲೆ ‘ಲೇಸರ್’ ಎಂದು ಬರೆಯುವವರು ಇದನ್ನು ಬರೆಯುವುದಿಲ್ಲ.

ಮಗಳ ಪೊರೆ ತೆಗೆದ ಮೇಲೆ ಮೂರು ದಿನ ಮೊಸರನ್ನ, ತಣ್ಣನೆಯ ರಾಗಿ ಗಂಜಿ. ಅಡ್ಯಾರ್ ಆನಂದ ಭವನದ ಸಿಹಿತಿಂಡಿ ಅಂಗಡಿಯ ಮುಂದೆ ಹೋಗುವಾಗ ಹುಡುಗಿ ಮುಖ ತಿರುಗಿಸುತ್ತಿದ್ದಳು. ಮೂರನೇ ಬೆಳಿಗ್ಗೆ ಟಾರ್ಚ್ ಹಿಡಿದು ತುಟಿ ಎತ್ತಿದೆ: ಕಪ್ಪು ರೇಷ್ಮೆ ಹೊಲಿಗೆಗಳ ನಡುವೆ ಹಾಲಿನ ಕೆನೆಯಂಥ ಹಳದಿ ಪದರ. ಕೀವೇ ಇರಬೇಕೆಂದು ಹತ್ತಿ ತೆಗೆದುಕೊಂಡೆ. ಫೋನಿನಲ್ಲಿ ಡಾಕ್ಟರು, “ಮುಟ್ಟಬೇಡಿ, ಅದು ಫೈಬ್ರಿನ್. ಬಾಯಲ್ಲಿ ಹಕ್ಕಳೆ ಒಣಗಲ್ಲ, ಹೀಗೇ ಕಾಣುತ್ತೆ. ಊತ, ಜ್ವರ, ದುರ್ವಾಸನೆ ಬಂದರೆ ಮಾತ್ರ ಬನ್ನಿ” ಎಂದರು.

ಈ ಮಾತನ್ನು ಅವರು ಮೊದಲೇ ಹೇಳಬೇಕಿತ್ತು. ಅವರು ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೊತ್ತು, ಹೊಲಿಗೆ ಬಿಚ್ಚುವ ತಾರೀಖು ಎಲ್ಲ ಇತ್ತು. ಇದಿರಲಿಲ್ಲ.