ಕಪ್ಪೆಯ ಭ್ರೂಣ ಹೇಳಿದ್ದು, ಹೇಳದೆ ಬಿಟ್ಟದ್ದು

ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿರುವುದು ಲ್ಯಾಂಗರ್‌ಹಾನ್ಸ್ ದ್ವೀಪಗಳೆಂಬ ಪುಟ್ಟ ಗುಂಪುಗಳಲ್ಲಿ. ಗ್ರಂಥಿಯ ತೂಕದಲ್ಲಿ ಇವುಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. ಒಳಬರುವ ರಕ್ತದಲ್ಲಿ ಸುಮಾರು ಹತ್ತನೇ ಒಂದು ಭಾಗ ಇವುಗಳಿಗೇ ಬೇಕು. ಸಕ್ಕರೆ ಅಳೆದು ಹಾರ್ಮೋನು ಸುರಿಸುವವರಿಗೆ ಅಷ್ಟು ರಕ್ತ ಸಹಜವೇ. ಆದರೆ 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲ್ಯಾಮರ್ಟ್, ಕ್ಲೀವರ್, ಮೆಲ್ಟನ್ ಪ್ರಕಟಿಸಿದ ಪ್ರಬಂಧ ಇನ್ನೊಂದು ಮಾತು ಹೇಳಿತು: ರಕ್ತನಾಳ ಬರೀ ಉಣಿಸುವುದಿಲ್ಲ, ಈ ಕೋಶಗಳು ಹುಟ್ಟಲೂ ಅದರ ಸೂಚನೆ ಬೇಕು.

ಕಪ್ಪೆಯ ಭ್ರೂಣದಲ್ಲಿ ಮಹಾಪಧಮನಿ ಇಲ್ಲದಂತೆ ಮಾಡಿದಾಗ ಇನ್ಸುಲಿನ್ ಕಾಣಿಸಲಿಲ್ಲ. ಕತ್ತರಿ ಹಾಕುವಾಗ ಅಕ್ಕಪಕ್ಕದ್ದೂ ಹೋಗಿರಬಹುದಲ್ಲವೇ? ಈ ಅನುಮಾನಕ್ಕೆ ಅವರ ತಟ್ಟೆಯಲ್ಲೇ ಉತ್ತರವಿತ್ತು. ಭ್ರೂಣದ ಕರುಳಿನ ಒಳಪದರದ ತುಣುಕನ್ನು ಮಹಾಪಧಮನಿಯ ಜೊತೆಗಿಟ್ಟು ಬೆಳೆಸಿದರೆ ಇನ್ಸುಲಿನ್ ಬಂತು. ಅಲ್ಲಿ ಹೃದಯವಿಲ್ಲ, ಹರಿಯುವ ರಕ್ತವೂ ಇಲ್ಲ, ನಾಳದ ಗೋಡೆಯಷ್ಟೇ. ಇಡೀ ಪ್ರಬಂಧದ ಜೀವ ಇರುವುದು ಈ ಪ್ರಯೋಗದಲ್ಲಿ.

ಮೂರನೆಯದು ಹೆಚ್ಚು ಸದ್ದು ಮಾಡಿತು. ನಾಳ ಬೆಳೆಸುವ ವಿಇಜಿಎಫ್ ಪ್ರೋಟೀನು ಇಲಿಯಲ್ಲಿ ಅತಿಯಾಗಿ ಬರುವಂತೆ ಮಾಡಿದಾಗ ದ್ವೀಪಗಳು ಹೆಚ್ಚಿದವು, ಜಠರದಲ್ಲೂ ಇನ್ಸುಲಿನ್ ಕಾಣಿಸಿತು. ನಾಳ ಹೆಚ್ಚಿದಷ್ಟೂ ಒಳ್ಳೆಯದು ಎಂದು ಓದುಗರು ಹಿಗ್ಗಿದರೆ ತಪ್ಪೇನಿಲ್ಲ. ಆ ಹಿಗ್ಗು ಉಳಿಯಲಿಲ್ಲ. ಭ್ರೂಣದಲ್ಲಿ ನಾಳಗಳು ಅತಿಯಾದರೆ ಗ್ರಂಥಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ ಎಂದು 2011ರ ಅಧ್ಯಯನವೊಂದು ತೋರಿಸಿತು. ಬೆಳೆದ ಇಲಿಯ ದ್ವೀಪಗಳಲ್ಲಿ ವಿಇಜಿಎಫ್ ಏರಿಸಿದರೆ ಬೀಟಾ ಕೋಶಗಳು ಸಾಯುತ್ತವೆ, ಇಳಿಸಿದ ಮೇಲೆ ಮತ್ತೆ ಬೆಳೆಯುತ್ತವೆ ಎಂಬುದು 2014ರಲ್ಲಿ ಗೊತ್ತಾಯಿತು. ಪ್ರಮಾಣ ಮತ್ತು ಸಮಯದ ಪ್ರಶ್ನೆಯನ್ನು ಮೂಲ ಪ್ರಬಂಧ ಕೇಳಿಕೊಂಡೇ ಇರಲಿಲ್ಲ.

ನಾಳ ಕೊಡುವ ಸೂಚನೆ ಯಾವುದೆಂದೂ ಅದು ಹೇಳಲಿಲ್ಲ. ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ಲ್ಯಾಮರ್ಟ್ ತಂಡದ್ದೇ 2006ರ ಕೆಲಸ. ಬೀಟಾ ಕೋಶ ತನಗೆ ಬೇಕಾದ ಆಧಾರಪದರವನ್ನು ತಾನೇ ಹೆಣೆದುಕೊಳ್ಳಲಾರದು. ನಾಳದ ಕೋಶಗಳು ಕೊಡುವ, ಆ ಪದರದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡೇ ಇನ್ಸುಲಿನ್ ಜೀನ್ ಚುರುಕಾಗುತ್ತದೆ. ಸದ್ದಿಲ್ಲದ ಈ ಪ್ರಬಂಧವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಗಟ್ಟಿ.

ತಮಾಷೆಯೆಂದರೆ, ಮೆಲ್ಟನ್ ಅವರ ಪ್ರಯೋಗಾಲಯವೇ 2014ರಲ್ಲಿ ಮಾನವ ಕಾಂಡಕೋಶಗಳಿಂದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿತು. ಪಕ್ಕದಲ್ಲಿ ರಕ್ತನಾಳವಿರಲಿಲ್ಲ, ಹಂತಹಂತವಾಗಿ ರಾಸಾಯನಿಕಗಳನ್ನು ಹಾಕಿದ್ದರು, ಅಷ್ಟೇ. ಹಾಗಾಗಿ 2001ರ ಪ್ರಬಂಧವನ್ನು ಭ್ರೂಣದಲ್ಲಿ ಏನು ನಡೆಯುತ್ತದೆ ಎಂಬುದರ ದಾಖಲೆಯಾಗಿ ಒಪ್ಪಬಹುದು, ಬೀಟಾ ಕೋಶ ಹುಟ್ಟಲು ಅದೊಂದೇ ದಾರಿ ಎಂಬ ನಿಯಮವಾಗಿ ಒಪ್ಪಲಾಗದು.