ಲೈಟು ಉರಿದರೆ ಚಕ್ರ ಎಳೆಯಿತು ಅಂತಲಾ?

ಪುಸ್ತಕಕ್ಕೆ, ಸಿನೆಮಾಕ್ಕೆ, ಯಕ್ಷಗಾನದ ಆಟಕ್ಕೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನಿಲ್ಲಿ ವಿಮರ್ಶೆ ಮಾಡಲು ಹೊರಟಿರುವುದು ಒಂದು ಲೈಟನ್ನು. ಜೀಪು, ಪಿಕಪ್ಪುಗಳ ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ಹಾಕಿದಾಗ ಉರಿಯುತ್ತದಲ್ಲ, ಕಿರುಬೆರಳಿನ ಉಗುರಿನಷ್ಟು ದೊಡ್ಡದು, ಅದು. ಅಷ್ಟು ಸಣ್ಣದರಲ್ಲಿ ವಿಮರ್ಶೆ ಮಾಡಲು ಎಂತ ಉಂಟು ಅಂತ ಕೇಳಬಹುದು. ಬೆಳ್ತಂಗಡಿ ತಾಲೂಕಿನ ದಿಡುಪೆ ಕಡೆ ಜುಲೈ ತಿಂಗಳಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಚಡಾವು ಹತ್ತುವವನು ಆ ಲೈಟಿನ ಮಾತು ನಂಬಿಯೇ ಕ್ಲಚ್ಚು ಬಿಡುವುದು.

ಮೊದಲು ನಮ್ಮ ವಿಡಿಯೊ ವಿಮರ್ಶಕರ ಬಗ್ಗೆ ಒಂದು ತಕರಾರು. ಕನ್ನಡದಲ್ಲಿ ಗಾಡಿಗಳ ರಿವ್ಯೂ ಈಗ ಧಾರಾಳ ಸಿಗುತ್ತದೆ, ಸಂತೋಷ. ಆದರೆ ಫೋರ್ ಬೈ ಫೋರ್ ಗಾಡಿ ಬಂದಾಗಲೆಲ್ಲ ಕತೆ ಒಂದೇ. ಟಚ್ ಸ್ಕ್ರೀನಿನ ಅಳತೆ, ಸೀಟಿನ ಹೊಲಿಗೆ, ಕಪ್ಪು ಇಡುವ ಜಾಗ. ಆಮೇಲೆ ಒಣಗಿದ ಹೊಳೆಯ ಮರಳಿನಲ್ಲಿ ಎರಡು ಸುತ್ತು. ನಾಬ್ ತಿರುಗಿಸಿ, ಲೈಟು ಉರಿದದ್ದನ್ನು ಕ್ಯಾಮರಾಕ್ಕೆ ತೋರಿಸಿ, 'ನೋಡಿ ಫ್ರೆಂಡ್ಸ್, ಫೋರ್ ಬೈ ಫೋರ್ ಆನ್ ಆಯ್ತು.' ಆಯ್ತಾ? ಹೊಸ ಗಾಡಿಯಲ್ಲಿ ಆಗಿಯೇ ಆಗುತ್ತದೆ. ಐದನೇ ಮಳೆಗಾಲದಲ್ಲಿ ಆಗುತ್ತದಾ ಎಂಬುದೇ ಪ್ರಶ್ನೆ, ಮತ್ತು ಅದನ್ನು ಕೇಳಲು ಗಾಡಿಯ ಅಡಿಗೆ ಮಲಗಬೇಕು. ಮಲಗಿದರೆ ಟಿ-ಶರ್ಟು ಕೆಂಪಾಗುತ್ತದೆ.

ನಮ್ಮ ಕಡೆ ಮಳೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಪಂಚಾಯತಿನ ಕಾಂಕ್ರೀಟು ರಸ್ತೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಮನೆಯವರೆಗೆ ಜಾರುವ ಕೆಂಪು ಮಣ್ಣು, ಮಧ್ಯೆ ಮಧ್ಯೆ ಮುರಕಲ್ಲು. ಅಡಿಕೆ, ರಬ್ಬರ್ ಶೀಟು, ಗ್ಯಾಸ್ ಸಿಲಿಂಡರು, ಉಜಿರೆಯ ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ, ಎಲ್ಲ ಹೋಗುವುದು ಅದೇ ದಾರಿಯಲ್ಲಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ಬರೆ ಹಲವೆಡೆ ಜರಿದು ಸಂಚಾರವೇ ನಿಂತುಹೋಯಿತಲ್ಲ, ಆ ದಿನಗಳಲ್ಲಿ ಕೆಳಗಿನ ಊರುಗಳ ಒಳದಾರಿಗಳು ಹೇಗಿದ್ದವೆಂದು ಕಂಡವರಿಗೆ ಫೋರ್ ವೀಲನ್ನು ಶೋಕಿ ಅನ್ನಲು ಮನಸ್ಸು ಬರಲಿಕ್ಕಿಲ್ಲ.

ಎಂಜಿನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವುದೇ ಫೋರ್ ವೀಲ್, ಇಷ್ಟು ಎಲ್ಲರಿಗೂ ಗೊತ್ತು. ಹೋಗುವ ದಾರಿ ಮಾತ್ರ ಉದ್ದ. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಮುಂದಿನದ್ದು ಹೋಗಿ ಸೇರುವುದು ಡಿಫರೆನ್ಷಿಯಲ್‌ಗೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಆಕ್ಸಲ್, ಅದರ ತುದಿಗೆ ಹಬ್, ಹಬ್ಬಿಗೆ ಚಕ್ರ.

1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದರು. ಆ ಕಾಲದ ಜೀಪಿನಲ್ಲಿ ಆಕ್ಸಲ್ಲಿಗೂ ಚಕ್ರಕ್ಕೂ ಬೋಲ್ಟ್ ಹಾಕಿದ ಖಾಯಂ ಸಂಬಂಧ. ಫೋರ್ ವೀಲ್ ಬೇಡದಾಗಲೂ ಮುಂದಿನ ಚಕ್ರ ತಿರುಗಿದರೆ ಮುಂದಿನ ಸಾಮಾನೆಲ್ಲ ಸುಮ್ಮನೆ ಅದರ ಒಟ್ಟಿಗೆ ತಿರುಗುತ್ತಿತ್ತು. ಎಣ್ಣೆ ದಂಡ, ಸವಕಳಿ ದಂಡ. ಇದಕ್ಕೆ ಮದ್ದಾಗಿ 1948ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ ಎಂಬಾತ, ಯುದ್ಧ ಮುಗಿದು ಮಾರಾಟಕ್ಕೆ ಬಂದಿದ್ದ ಮಿಲಿಟರಿ ಜೀಪುಗಳಿಗೆಂದು, ಬೇಕಾದಾಗ ಕೂಡುವ, ಬೇಡದಾಗ ಬಿಡುವ ಹಬ್ ಮಾಡಿ ಮಾರತೊಡಗಿದ. ಕೆಳಗಿಳಿದು ಕೈಯಲ್ಲಿ ತಿರುಗಿಸಿ ಲಾಕ್ ಮಾಡುವಂಥದ್ದು. ಮಳೆಯಲ್ಲಿ ಇಳಿಯಬೇಕು, ಉಂಬುಳ ಹತ್ತಿಸಿಕೊಳ್ಳಬೇಕು, ಮಣ್ಣು ಕಚ್ಚಿದ್ದರೆ ಕಟ್ಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಬೇಕು. ಆ ಕಿರಿಕಿರಿ ತಪ್ಪಿಸಲಿಕ್ಕೆ ಮುಂದೆ ವ್ಯಾಕ್ಯೂಮ್ ಹಬ್ ಬಂತು. ಬ್ರೇಕಿಗೆ ವ್ಯಾಕ್ಯೂಮ್ ಕೊಡುವ ಪಂಪಿನಿಂದಲೇ ಒಂದು ಸಪೂರ ರಬ್ಬರ್ ಪೈಪು ಹೊರಟು, ಒಂದು ವಾಲ್ವು ದಾಟಿ, ಚಕ್ರದ ಹಿಂದಿನವರೆಗೆ ಹೋಗಿ ಹಬ್ಬನ್ನು ಎಳೆದು ಹಿಡಿಯುತ್ತದೆ. ನೀವು ಒಳಗೆ ಕೂತು ನಾಬ್ ತಿರುಗಿಸಿದರೆ ಮುಗಿಯಿತು.

ಇಷ್ಟು ಉದ್ದದ ದಾರಿಯಲ್ಲಿ ಆ ಲೈಟಿಗೆ ಸುದ್ದಿ ಬರುವುದು ಎಲ್ಲಿಂದ? ಕೆಲವು ಗಾಡಿಗಳಲ್ಲಿ ಮುಂದಿನ ಆಕ್ಸಲ್ಲಿನಲ್ಲೂ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ಹಬ್ ಇರುವ ಬಹಳಷ್ಟು ಗಾಡಿಗಳಲ್ಲಿ ಸುದ್ದಿ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ. ಅಂದರೆ ದಾರಿಯ ಮೊದಲನೇ ಸ್ಟಾಪಿನಿಂದ. ಅಲ್ಲಿ ಗೇರು ಬಿದ್ದರೆ ಲೈಟು ಉರಿಯಿತು. ಕೊನೆಯ ಸ್ಟಾಪಿನಲ್ಲಿ ಹಬ್ ಹಿಡಿಯಿತೋ ಬಿಟ್ಟಿತೋ ಅದಕ್ಕೆ ಗೊತ್ತಿಲ್ಲ. ಹಳೇ ಕೈಹಬ್ಬಿನ ಜೀಪಿನಲ್ಲೂ ಇದೇ ಅವಸ್ಥೆ: ಹಬ್ ತಿರುಗಿಸುವುದು ಮರೆತು ಲಿವರ್ ಹಾಕಿದರೂ ಲೈಟು ಚೆಂದಕ್ಕೆ ಉರಿಯುತ್ತಿತ್ತು. ಹಾಗಾಗಿ 'ಹಳೇ ಕಾಲದ್ದೇ ಒಳ್ಳೆಯದಿತ್ತು ಮಾರಾಯ್ರೆ' ಎಂಬ ರಾಗಕ್ಕೆ ನಾನು ದನಿಗೂಡಿಸುವುದಿಲ್ಲ. ಒಂದೇ ವ್ಯತ್ಯಾಸ, ಆಗ ಹಬ್ ಕಣ್ಣಿಗೆ ಕಾಣುತ್ತಿತ್ತು. ಅದರ ಮೇಲೆ ಗೆರೆ ಕೊರೆದಿತ್ತು, ಎಲ್ಲಿಗೆ ತಿರುಗಿದೆ ಎಂದು ಕೈಯಲ್ಲಿ ಮುಟ್ಟಿ ನೋಡಬಹುದಿತ್ತು. ಈಗಿನದ್ದರಲ್ಲಿ ನೋಡಲಿಕ್ಕೆ ಇರುವುದು ಆ ಲೈಟು ಒಂದೇ.

ಡಿಫರೆನ್ಷಿಯಲ್ಲಿನ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ನೋಡಿದವರಿಗೆ ಗೊತ್ತು, ಜೋಡಿ ಕೋಣಗಳಿಗೆ ನೊಗ ಒಂದೇ, ಓಡುವುದೂ ಒಟ್ಟಿಗೇ. ಡಿಫರೆನ್ಷಿಯಲ್ ಇದಕ್ಕೆ ಉಲ್ಟಾ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಓಡಬೇಕಾದ್ದರಿಂದ ಎಡಕ್ಕೂ ಬಲಕ್ಕೂ ಬೇರೆ ಬೇರೆ ವೇಗದ ಸ್ವಾತಂತ್ರ್ಯ ಕೊಡುತ್ತದೆ. ಇದರ ದಂಡ ಏನೆಂದರೆ, ಒಂದು ಕಡೆ ಹಿಡಿತ ಇಲ್ಲದಿದ್ದರೆ ಇನ್ನೊಂದು ಕಡೆಗೂ ಬಲ ಇಲ್ಲ. ಎಡದ ಹಬ್ ಒಂದು ಕೈಕೊಟ್ಟರೆ ಸಾಕು, ಆ ಕಡೆಯ ಆಕ್ಸಲ್ ಖಾಲಿ ಗಿರಗಿರ ತಿರುಗುತ್ತದೆ, ಬಲದ ಚಕ್ರ ಏನೂ ಗೊತ್ತಿಲ್ಲದವರ ಹಾಗೆ ನಿಂತಿರುತ್ತದೆ. ಅರ್ಧ ಫೋರ್ ವೀಲ್, ಮುಕ್ಕಾಲು ಫೋರ್ ವೀಲ್ ಅಂತೆಲ್ಲ ಇಲ್ಲ.

ನಮ್ಮ ದೊಡ್ಡಪ್ಪನ ಮಗನ ಪಿಕಪ್ಪಿಗೆ ಬಂದದ್ದು ಈ ಕಾಯಿಲೆ, ಅದೂ ಯಾವಾಗಲೂ ಅಲ್ಲ. ಅಂಗಳದಲ್ಲಿ ಸರಿ. ಕೆಳಗಿನ ಗದ್ದೆಯ ಕೆಸರಿನಲ್ಲಿ ಸರಿ. ತೋಟದಿಂದ ಮೇಲೆ ಬರುವ ಚಡಾವಿನಲ್ಲಿ ಮಾತ್ರ ವಾರಕ್ಕೆರಡು ಸಲ ಹಿಂದಿನ ಚಕ್ರ ಸುತ್ತಿ, ಗಾಡಿ ಮೆಲ್ಲ ಮೆಲ್ಲ ಹಿಂದಕ್ಕೆ ಜಾರುತ್ತಿತ್ತು. ಲೈಟು ಉರಿದೇ ಇರುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿನವರು ಲ್ಯಾಪ್‌ಟಾಪ್ ಹಚ್ಚಿ ನೋಡಿದರು, ದೋಷದ ಕೋಡು ಯಾವುದೂ ಇಲ್ಲ. ಲೈಟು ಉರಿಯುತ್ತದೆ, ಆದ್ದರಿಂದ ಫೋರ್ ವೀಲ್ ಬೀಳುತ್ತದೆ. ಆದರೂ ಗಿರಾಕಿ ದೂರುತ್ತಾನೆ, ಆದ್ದರಿಂದ ಏನಾದರೂ ಬದಲಿಸಬೇಕು. ಹೀಗೆ ಟ್ರಾನ್ಸ್‌ಫರ್ ಕೇಸಿನ ಶಿಫ್ಟ್ ಮೋಟರ್ ಬದಲಾಯಿತು, ಐದಂಕಿಯ ಬಿಲ್ಲು ಬಂತು. ಮುಂದಿನ ವಾರ ಅದೇ ಚಡಾವು, ಅದೇ ಕತೆ. ಎರಡನೇ ಸಲ ಹೋದಾಗ ಕಂಟ್ರೋಲ್ ಯೂನಿಟ್ ಬದಲಿಸಿ ನೋಡುವ ಅಂದರು. ಬದಲಿಸಿ 'ನೋಡುವ' ಎನ್ನುವುದು ನಮ್ಮ ಸಾಫ್ಟ್‌ವೇರ್‌ನಲ್ಲೂ ಉಂಟು. ವ್ಯತ್ಯಾಸ ಇಷ್ಟೇ, ನಾವು ನೋಡುವಾಗ ರೈತನ ದುಡ್ಡು ಹೋಗುವುದಿಲ್ಲ.

ಬಿ.ಸಿ.ರೋಡಿನಲ್ಲಿ ಕೇಳಿದವರು ಒಬ್ಬ ಹಳೇ ಜೀಪಿನ ಮೆಕ್ಯಾನಿಕ್ಕಿನ ಹೆಸರು ಹೇಳಿದರು. ಗುರುವಾಯನಕೆರೆಯಿಂದ ವೇಣೂರು ದಾರಿಯಲ್ಲಿ ಹೋದರೆ ಮೂಡುಬಿದಿರೆಗಿಂತ ಸ್ವಲ್ಪ ಮೊದಲೇ ಅವರ ಗ್ಯಾರೇಜು. ಅವರು ಬಾನೆಟ್ ಎತ್ತುವ ಮೊದಲು ಕೇಳಿದ್ದು, 'ಎಲ್ಲಿ ಕೈಕೊಡುದು?'

'ಚಡಾವಲ್ಲಿ ಅಣ್ಣ, ತಿರುವಿನ ಹತ್ರ.'

'ಯಾವ ಕಡೆ ತಿರುವು?'

ಬಲಕ್ಕೆ. ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಬಗ್ ಬಂದಾಗ ನಾವು ಆಫೀಸಿನಲ್ಲಿ ಮೊದಲು ಹುಡುಕುವುದು ಇದನ್ನೇ ಅಲ್ಲವಾ, ಯಾವ ಸಂದರ್ಭದಲ್ಲಿ ಮಾತ್ರ ಆಗುತ್ತದೆ ಎಂದು.

ಅವರು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಎಂಜಿನ್ ಚಾಲೂ, ಗೇರು ನ್ಯೂಟ್ರಲ್, ನಾಬ್ ಫೋರ್ ಹೈಯಲ್ಲಿ. ಈಗ ಎಡದ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದರೆ ಬಲದ ಚಕ್ರ ಹಿಂದಕ್ಕೆ ತಿರುಗಬೇಕು. ತಿರುಗಿತು. ಅಂದರೆ ಎರಡೂ ಹಬ್ ಹಿಡಿದಿವೆ. ಸರ್ವಿಸ್ ಸೆಂಟರಿನವರು ಈ ಪರೀಕ್ಷೆ ಮಾಡಿದ್ದರೂ ಇಲ್ಲಿಗೇ ಪಾಸು ಮಾಡುತ್ತಿದ್ದರು. ಇವರು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಒಡೆದು, ಮತ್ತೆ ಎಡದ ಚಕ್ರ ತಿರುಗಿಸಿದರು. ಚಕ್ರ ಪಿಳ್ಳೆಂದು ಒಂದೇ ತಿರುಗಿತು. ಹಿಂದಿನ ಆಕ್ಸಲ್ ಅಲ್ಲಾಡಲಿಲ್ಲ, ಬಲದ ಚಕ್ರವೂ ಅಲ್ಲಾಡಲಿಲ್ಲ. ಒಳಗೆ ಲೈಟು ಮಾತ್ರ ಉರಿಯುತ್ತಲೇ ಇತ್ತು.

'ಲೈಟ್ ಎಂತಕ್ಕೆ ನೋಡುದು ಮಾರ್ರೆ,' ಅಂದರು, 'ಅದು ಟ್ರಾನ್ಸ್‌ಫರಿಂದು. ಇದು ಹಬ್ಬಿಂದು.'

ಎಡದ ಚಕ್ರದ ಹಿಂದೆ ರಬ್ಬರ್ ಪೈಪು ಬಾಗುವ ಕಡೆ ಕೂದಲೆಳೆಯಷ್ಟು ಒಡಕು. ಚಕ್ರ ನೇರ ಇದ್ದಾಗ ಒಡಕು ಮುಚ್ಚಿಕೊಂಡಿರುತ್ತದೆ. ಬಲಕ್ಕೆ ತಿರುಗಿಸಿದಾಗ ಪೈಪು ಎಳೆದು ಬಾಯಿ ಬಿಡುತ್ತದೆ, ವ್ಯಾಕ್ಯೂಮ್ ಸೋರಿ ಹಬ್ ಬಿಟ್ಟುಕೊಡುತ್ತದೆ. ಆ ಬಾಯಿಯಿಂದಲೇ ಐದು ಮಳೆಗಾಲದ ಕೆಂಪು ನೀರು ಹೀರಿಕೊಂಡು ಹಬ್ಬಿನೊಳಗೆ ಗ್ರೀಸಿನ ಬದಲು ಪಾಯಸ ಇತ್ತು. ಒಂದು ಮೊಳ ಪೈಪು, ಒಂದು ಸೀಲು, ಹಬ್ ಬಿಚ್ಚಿ ತೊಳೆದ ಕೂಲಿ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಈ ಬಗೆಯ ಲೈಟಿಗೆ ದೊಡ್ಡ ಇತಿಹಾಸವೇ ಉಂಟು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒತ್ತಡ ಬಿಡುವ ಒಂದು ವಾಲ್ವು ತೆರೆದದ್ದು ಮುಚ್ಚಲಿಲ್ಲ. ಕಂಟ್ರೋಲ್ ರೂಮಿನ ಲೈಟು ತೋರಿಸುತ್ತಿದ್ದದ್ದು ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನು. ವಾಲ್ವು ನಿಜವಾಗಿ ಮುಚ್ಚಿತಾ ಎಂದು ನೋಡುವ ವ್ಯವಸ್ಥೆ ಆ ಲೈಟಿಗೆ ಇರಲಿಲ್ಲ. ಆಪರೇಟರುಗಳು ಮುಚ್ಚಿದೆ ಎಂದೇ ತಿಳಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪು ಮಾಡುವ ನೀರು ಸೋರಿತು, ಸ್ಥಾವರದ ಒಡಲಿನ ಒಂದು ಭಾಗ ಕರಗಿಹೋಯಿತು. ಪಿಕಪ್ಪಿಗೂ ಅಣುಸ್ಥಾವರಕ್ಕೂ ಹೋಲಿಕೆಯಾ ಅನ್ನಬೇಡಿ. ಲೈಟು ಹಾಕಿದವನ ಯೋಚನೆ ಎರಡೂ ಕಡೆ ಒಂದೇ: ಹೇಳಿದ್ದೇವೆ, ಆಗಿಯೇ ಆಗಿರುತ್ತದೆ.

ನಮ್ಮ ಕಸುಬಿನವರಿಗೆ ಇದು ಹೊಸ ಪಾಠವೂ ಅಲ್ಲ. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ವಾದವೇ ಇದು. ಫೈಲು ಸರಿಯಾಗಿ ತಲುಪಿತಾ ಎಂಬುದನ್ನು ಕೊನೆಗೆ ಆ ತುದಿ, ಈ ತುದಿಗಳೇ ನೋಡಿಕೊಳ್ಳಬೇಕು. ನಡುವಿನವರು ಎಷ್ಟು ಸಲ ಸರಿ ಸರಿ ಅಂದರೂ ಆ ಕೆಲಸ ತಪ್ಪುವುದಿಲ್ಲ. ಇದನ್ನು ಓದಿಕೊಂಡೇ ಬಂದ ನಾವು ಮಾನಿಟರಿಂಗ್ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿರುವಾಗ ಗ್ರಾಹಕರ ಫೋನು ಬರುವುದನ್ನು ತಿಂಗಳಿಗೊಮ್ಮೆಯಾದರೂ ಕಾಣುತ್ತೇವೆ. ಊಟ ಡೆಲಿವರ್ ಆಗಿದೆ ಎಂದು ಆ್ಯಪ್ ಹೇಳುತ್ತದೆ, ಬಾಗಿಲಲ್ಲಿ ಪೊಟ್ಟಣ ಇರುವುದಿಲ್ಲ.

ಹಾಗಾಗಿ ನನ್ನ ದೂರು ಎಲೆಕ್ಟ್ರಾನಿಕ್ಸಿನ ಮೇಲಲ್ಲ, ನಾಬಿನ ಮೇಲೂ ಅಲ್ಲ. ಎಪ್ಪತ್ತರ ನನ್ನ ದೊಡ್ಡಪ್ಪ ಮಳೆಯಲ್ಲಿ ಇಳಿಯದೆ ಫೋರ್ ವೀಲ್ ಹಾಕುವ ಹಾಗಾಗಿದೆ, ಅದು ದೊಡ್ಡ ಉಪಕಾರ. ರಬ್ಬರ್ ಪೈಪು ಒಡೆಯುವುದೂ ಸಹಜ, ರಬ್ಬರ್ ಅಲ್ಲವಾ. ಲೈಟು ಮಾತ್ರ ತಾನು ಕಂಡದ್ದಷ್ಟನ್ನೇ ಹೇಳಬೇಕು. ಹಬ್ಬಿನವರೆಗೆ ಇನ್ನೊಂದು ಸ್ವಿಚ್ಚು, ಎರಡು ವಯರು ಎಳೆಯುವುದು ಬೇಡ ಎನ್ನುವುದಾದರೆ ಆ ಲೈಟಿನ ಅರ್ಥವನ್ನಾದರೂ ಮಾಲೀಕರ ಕೈಪಿಡಿಯಲ್ಲಿ ಸರಿಯಾಗಿ ಬರೆಯಲಿ. ಅಣ್ಣನ ಗಾಡಿಯ ಕೈಪಿಡಿಯಲ್ಲಿ ಫೋರ್ ವೀಲಿಗೆ ಕೊಟ್ಟದ್ದು ಎರಡೇ ಪುಟ. ಒಣ ಡಾಮರಿನಲ್ಲಿ ಹಾಕಬೇಡಿ ಎಂದಿದೆ, ಸರಿ. ಯಾಕೆ ಎಂದಿಲ್ಲ. ಹಿಂದಿನ ಮುಂದಿನ ಶಾಫ್ಟುಗಳು ತಿರುವಿನಲ್ಲಿ ಪರಸ್ಪರ ಜಗ್ಗಾಡಿ ಬಿಗಿದು, ಫೋರ್ ವೀಲ್ ತೆಗೆಯಲೇ ಬಾರದಂತಾಗುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಕಾಗದವೇನೂ ಮುಗಿಯುತ್ತಿರಲಿಲ್ಲ. ಮುಂದೆ ಹೊಸ ಟಯರು, ಹಿಂದೆ ಬೋಳು ಟಯರು ಹಾಕಿದರೂ ಅದೇ ಗತಿ ಎಂದು ಇನ್ನೊಂದು ಸಾಲು. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ನಾಲ್ಕು ಕಿಲೋಮೀಟರ್ ಫೋರ್ ವೀಲ್ ಹಾಕಿ ಓಡಿಸದಿದ್ದರೆ ಒಳಗಿನ ಸಾಮಾನು ಕಚ್ಚಿಕೊಳ್ಳುತ್ತದೆ ಎಂದು ಮತ್ತೊಂದು. ಈ ಕೊನೆಯದ್ದು ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಫೋರ್ ಬೈ ಫೋರ್ ನಿಲ್ಲಿಸಿ, ವರ್ಷಕ್ಕೊಮ್ಮೆ ಕುದುರೆಮುಖಕ್ಕೆ ಹೊರಡುವ ನನ್ನ ಗೆಳೆಯರಿಗೆ ಹೆಚ್ಚು ಅನ್ವಯ.

ಕಳೆದ ತಿಂಗಳು ಬೇರೆ ಒಂದು ಕಂಪನಿಯ ಶೋರೂಮಿಗೆ ಗೆಳೆಯನ ಜೊತೆ ಹೋಗಿದ್ದೆ. ಈ ಲೈಟಿಗೆ ಸಿಗ್ನಲ್ ಎಲ್ಲಿಂದ ಬರುತ್ತದೆ, ಟ್ರಾನ್ಸ್‌ಫರ್ ಕೇಸಿಂದಲಾ, ಆಕ್ಸಲಿಂದಲಾ ಎಂದು ಕೇಳಿದೆ. ಮಾರುವ ಹುಡುಗ ಒಳ್ಳೆಯವನು, ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ, ಒಳಗೆ ಹೋಗಿ ಯಾರನ್ನೋ ವಿಚಾರಿಸಿ, ಒಂದು ಬ್ರೋಷರ್ ಹಿಡಿದುಕೊಂಡು ಬಂದ. ಅದರಲ್ಲಿ ಡ್ಯಾಶ್‌ಬೋರ್ಡಿನ ದೊಡ್ಡ ಫೋಟೊ ಇತ್ತು. ಲೈಟು ಉರಿಯುತ್ತಿತ್ತು. ಅದರ ಮೇಲೆ ಬೆರಳಿಟ್ಟು, 'ಇಲ್ಲಿಂದ ಸರ್' ಅಂದ.