ಅಕ್ಕಸಾಲಿಗನ ಅಲಂಕಾರಶಾಸ್ತ್ರ

ಕವಿಯು ಪ್ರಕೃತಿಯಿಂದ ಸ್ಫೂರ್ತಿ ಪಡೆಯುತ್ತಾನೆಂದು ತರಗತಿಯಲ್ಲಿ ಹೇಳುವುದು ನನ್ನ ಉದ್ಯೋಗದ ಒಂದು ಭಾಗ. ಅಕ್ಕಸಾಲಿಗನನ್ನು ಕುರಿತೂ ಅದೇ ಮಾತನ್ನು ಆಡುವುದುಂಟು: ಹೂವನ್ನು ಕಂಡ, ಹಾವನ್ನು ಕಂಡ, ಕಂಡದ್ದನ್ನು ಚಿನ್ನದಲ್ಲಿ ಮಾಡಿದ ಎಂದು. ಇದು ಸುಳ್ಳಲ್ಲ, ಅರ್ಧ ಸತ್ಯ. ನಮ್ಮ ಹಳೆಯ ಒಡವೆಗಳ ಹೆಸರುಗಳನ್ನು ನೆನೆದುಕೊಂಡರೆ ಉಳಿದರ್ಧ ತಾನಾಗಿ ತೋರುತ್ತದೆ.

ಅವಲಕ್ಕಿ ಸರವನ್ನೇ ತೆಗೆದುಕೊಳ್ಳಿ. ಗದ್ದೆಯಲ್ಲಿ ತೂಗುವ ಭತ್ತದ ತೆನೆ ಎಷ್ಟು ಚೆಲುವಾದರೂ ನಮ್ಮ ಅಕ್ಕಸಾಲಿಗ ಅದನ್ನು ಬಿಟ್ಟು, ಒನಕೆಯ ಪೆಟ್ಟು ತಿಂದು ಚಪ್ಪಟೆಯಾದ ಕಾಳನ್ನು ಆರಿಸಿಕೊಂಡ. ಸುತ್ತಿಗೆಯ ಕೆಳಗೆ ಚಿನ್ನವೂ ಹಾಗೆಯೇ ಚಪ್ಪಟೆಯಾಗುತ್ತದಷ್ಟೆ! ಇಲ್ಲಿ ಸಾಮ್ಯವಿರುವುದು ಆಕಾರಕ್ಕಿಂತ ಹೆಚ್ಚಾಗಿ ಕೆಲಸದಲ್ಲಿ. ಮಲ್ಲಿಗೆಯಲ್ಲಿಯೂ ಅವನು ಆರಿಸಿದ್ದು ಮೊಗ್ಗನ್ನು. ಅರಳಿದ ಹೂವನ್ನು ಲೋಹದಲ್ಲಿ ಮಾಡಿದರೆ ಅದು ಬಾಡುವುದಕ್ಕೆ ಮೊದಲೇ ಬಾಡಿದಂತೆ ಕಾಣುತ್ತದೆ. ಮೊಗ್ಗಾದರೋ ಇನ್ನೂ ಏನನ್ನೋ ಒಳಗಿಟ್ಟುಕೊಂಡಿರುತ್ತದೆ. ಕೇದಗೆಯೂ ಹೀಗೆಯೇ. ಹೆಂಗಸರು ಕೇದಗೆಯ ಗರಿಯನ್ನು ಮಡಿಸಿ ಜಡೆಗೆ ಮುಡಿಯುತ್ತಿದ್ದರು. ಚಿನ್ನದ ಕೇದಗೆ ಹುಟ್ಟಿದ್ದು ಪೊದೆಯಿಂದಲ್ಲ, ಆ ಜಡೆಯಿಂದ. ಇನ್ನು ಓಲೆಯಂತೂ ಸಾಕ್ಷಾತ್ ತಾಳೆಯ ಎಲೆ. ಎಲೆಯನ್ನೇ ಸುರುಳಿ ಸುತ್ತಿ ಕಿವಿಗಿಟ್ಟುಕೊಂಡ ಕಾಲ ಹೋಯಿತು, ಚಿನ್ನ ಬಂತು, ವಜ್ರವೂ ಬಂತು. ಹೆಸರು ಮಾತ್ರ ಎಲೆಯದೇ ಉಳಿಯಿತು.

ನಾನು ಹೇಳಬೇಕೆಂದಿರುವುದು ಇದು: ಅಕ್ಕಸಾಲಿಗನ ಪ್ರಕೃತಿ ಕಾಡಿನದಲ್ಲ. ಮನುಷ್ಯನ ಕೈ ಒಮ್ಮೆ ಮುಟ್ಟಿದ, ಕುಟ್ಟಿದ, ಕೊಯ್ದ, ಸುತ್ತಿದ ಪ್ರಕೃತಿ ಅದು. ಅವನ ತೂಕವೂ ಬೇಲಿಯ ಬಳ್ಳಿಯಿಂದಲೇ ಬಂದದ್ದು: ತೊಂಬತ್ತಾರು ಗುಲಗಂಜಿಗೆ ಒಂದು ತೊಲ. ತೆಂಗಿನ ಸೀಮೆಯಾದ ನಮ್ಮ ತಿಪಟೂರಿನಲ್ಲಿ ತೆಂಗಿನ ಹೆಸರಿನ ಒಡವೆಯೊಂದನ್ನು ನಾನು ಕಂಡಿಲ್ಲ. ತೆಂಗು ಅಕ್ಕಸಾಲಿಗನ ಅಗ್ಗಿಷ್ಟಿಕೆಯಲ್ಲಿ ಚಿಪ್ಪಿನ ಇದ್ದಲಾಗಿ ಉರಿಯಿತು, ಅಷ್ಟೆ. ಆದರೆ ಭಾಷೆ ಆ ಕೊರತೆಯನ್ನು ತುಂಬಿಕೊಟ್ಟಿದೆ. ತೆಂಗಿನ ಹೂಗೊನೆಯನ್ನು ಹೊಂಬಾಳೆಯೆಂದು ಕರೆದ ಅಜ್ಞಾತ ಕನ್ನಡಿಗನೂ ಒಂದು ಬಗೆಯ ಅಕ್ಕಸಾಲಿಗನೇ!

ಒಡವೆಗೂ ಉಪಮೆಗೂ ನಮ್ಮಲ್ಲಿ ಅಲಂಕಾರವೆಂಬ ಒಂದೇ ಹೆಸರಿರುವುದು ಆಕಸ್ಮಿಕವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಎರಡನ್ನು ಅಲಂಕಾರಗಳಿಗೇ ಮೀಸಲಿಟ್ಟಿದೆ. ಜಡೆಯನ್ನು ಸರ್ಪಕ್ಕೆ ಹೋಲಿಸುವುದು ಕವಿಗಳ ಹಳೆಯ ರೂಢಿ, ಹೇಳಿ ಹೇಳಿ ಸವೆದದ್ದು. ಅಕ್ಕಸಾಲಿಗ ಮಾಡಿದ್ದೇನು? ಆ ಹೋಲಿಕೆಯನ್ನು ನಿಜವೆಂದೇ ನಂಬಿ, ಜಡೆಯ ಮೇಲ್ತುದಿಗೆ ಹೆಡೆಯೆತ್ತಿದ ನಾಗರವನ್ನು ಕೂರಿಸಿಬಿಟ್ಟ. ಕವಿಯ ಉಪಮೆ ಅವನ ಕೈಯಲ್ಲಿ ರೂಪಕವಾಯಿತು. ಸವೆದ ಮಾತಿಗೆ ಇಷ್ಟು ಧೈರ್ಯದಿಂದ ಜೀವ ಕೊಟ್ಟ ಕವಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಈ ಕಲೆಯ ಹಳೆಯ ಮಾದರಿಗಳನ್ನು ನೋಡಬೇಕಾದರೆ ಚಿನ್ನದಂಗಡಿಗೆ ಹೋಗಿ ಫಲವಿಲ್ಲ, ಗುಡಿಗೆ ಹೋಗಬೇಕು. ನಮ್ಮ ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಚೆನ್ನಕೇಶವ ದೇವಾಲಯವಿದೆ. ಅಲ್ಲಿ ಕೆಲಸ ಮಾಡಿದ ರೂವಾರಿಗಳಲ್ಲೊಬ್ಬ ಹೊನ್ನೋಜ. ಅವನ ಹೆಸರಿನಲ್ಲೇ ಹೊನ್ನಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿಟ್ಟಂತೆ ಗಟ್ಟಿ. ಆದ್ದರಿಂದಲೇ ಉಳಿಯು ಅಕ್ಕಸಾಲಿಗನ ಚಾಣದಂತೆ ಓಡಾಡಿದೆ. ಹಾರ, ತೋಳಬಂದಿ, ನಡುಪಟ್ಟಿಗಳ ಒಂದೊಂದು ಮಣಿಯನ್ನೂ ಎಣಿಸಬಹುದು. ವಿಗ್ರಹದ ತಲೆಯ ಮೇಲಿನ ಎಲೆಬಳ್ಳಿಯ ತೋರಣವೂ ಕೊರಳ ಹಾರವೂ ಒಂದೇ ಕುಲದವೆಂದು ತೋರುತ್ತದೆ. ನನ್ನದೊಂದು ಆಕ್ಷೇಪವಿದೆ, ಹೇಳಿಬಿಡುತ್ತೇನೆ. ಕೆಲವು ವಿಗ್ರಹಗಳಲ್ಲಿ ಒಡವೆಯೇ ಹೆಚ್ಚಾಗಿ ಮೈ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ನಮ್ಮ ಚಂಪೂ ಕವಿಗಳಲ್ಲಿ ಕೆಲವರಿಗೂ ಇದೇ ದೋಷವಿತ್ತು. ಆದರೂ ನಾನು ಹೊನ್ನೋಜನಿಗೆ ಕೃತಜ್ಞಳು. ಅವನು ಕಲ್ಲಿನಲ್ಲಿ ಉಳಿಸಿದ ಮಾದರಿಗಳನ್ನು ಚಿನ್ನದಲ್ಲಿ ಮಾಡಿದವರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಕಲ್ಲನ್ನು ಯಾರೂ ಕರಗಿಸುವುದಿಲ್ಲ, ಚಿನ್ನವನ್ನು ತಲೆಮಾರಿಗೊಮ್ಮೆ ಕರಗಿಸುತ್ತೇವೆ. ಕವಿಯ ಕಾವ್ಯವನ್ನು ಮೊಮ್ಮಗ ಅಳಿಸಿ ಅದೇ ಓಲೆಗರಿಯ ಮೇಲೆ ಬೇರೆ ಬರೆಸಿದ್ದರೆ ಪಂಪ ನಮಗೆ ದಕ್ಕುತ್ತಿದ್ದನೆ?

ಕರಗಿಸುವವರು ನಾವು, ಕೈ ಕಟ್ಟಿದ್ದು ಕಾನೂನು. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, ಹದಿನಾಲ್ಕು ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧಿಯ ಹೊಸ ಒಡವೆ ಮಾಡಕೂಡದೆಂದಾಯಿತು. ದೇಶದಲ್ಲಿ ಎಷ್ಟೋ ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ಆರಿದವು. ಆ ಮಿತಿ ಬಹುಬೇಗ ಸಡಿಲವಾದರೂ 1968ರ ಕಾಯಿದೆ ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಅನೇಕ ಮನೆಗಳಲ್ಲಿ ಕಂಬಚ್ಚು ಹಿಡಿಯುವ ಮಗನಿರಲಿಲ್ಲ.

ನನ್ನ ಅಜ್ಜಿಗೆ ಒಂದು ಜಡೆನಾಗರವಿತ್ತು. ಹೆಡೆಯ ಮೇಲೆ ಕೆಂಪು ಕಲ್ಲು, ಕೆಳಗೆ ಕೇದಗೆ, ಅದರ ಕೆಳಗೆ ಮೊಗ್ಗುಗಳ ಸಾಲು, ತುದಿಗೆ ಕುಚ್ಚು. ನನ್ನ ಮದುವೆಗೆ ಎರಡೆಳೆ ಸರ ಬೇಕಾಗಿತ್ತು. ಈ ಕಾಲದಲ್ಲಿ ನಾಗರ ಯಾರು ಹಾಕುತ್ತಾರೆ ಎಂದು ನಾನೇ ಹೇಳಿದೆ. ಅಜ್ಜಿ ಮಾತಾಡಲಿಲ್ಲ. ಒಡವೆಯನ್ನು ಆಚಾರ್ರ ಮುಂದಿಟ್ಟೆವು. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಬೆಂಕಿಗೆ ಹಿಡಿದರು. ತಗಡಿನೊಳಗೆ ತುಂಬಿದ್ದ ಅರಗು ಕರಗಿ ಹೊರಗೆ ಹರಿಯಿತು. ಉಳಿದ ಚಿನ್ನ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ನನ್ನ ಮುಖ ಸಪ್ಪಗಾದದ್ದನ್ನು ಕಂಡು ಆಚಾರ್ರು, “ಅರಗು ತೂಕಕ್ಕೆ ಬರಲ್ಲ ಕಣಮ್ಮ. ಕೆಲಸಾನೂ ಬರಲ್ಲ,” ಎಂದರು.

ಕೆಂಪು ಕಲ್ಲನ್ನು ಅವರು ಕಾಗದದಲ್ಲಿ ಮಡಿಸಿ ನನ್ನ ಕೈಗೆ ಕೊಟ್ಟರು. ಆ ಕಾಗದದ ಪೊಟ್ಟಣ ಈಗಲೂ ನನ್ನ ಬೀರುವಿನಲ್ಲಿದೆ.